ಬೆರಳ ಸಂದಿಯ ವೈರುಗಳು

ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲುಗಳನ್ನು ಬಾಗಿಲಿನಿಂದ ಹೊರಕ್ಕೆ ಚಾಚಿ ಅಂಗಾತ ಮಲಗಿದ್ದ ದೊರೆಸ್ವಾಮಿ ಎರಡು ವೈರುಗಳ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುಲಿದು, ಕಣ್ಣಿನ ಹತ್ತಿರ ಹಿಡಿದುಕೊಂಡ. ಒಂದು ನೀಲಿ, ಇನ್ನೊಂದು ನೇರಳೆ. ಅಷ್ಟು ಅವನಿಗೆ ಗೊತ್ತಿತ್ತು. ಯಾವುದು ನೀಲಿ, ಯಾವುದು ನೇರಳೆ ಎಂಬುದು ಗೊತ್ತಿರಲಿಲ್ಲ.

ಬಾಗಿಲು ತೆರೆದೇ ಇದ್ದುದರಿಂದ ಕಾರಿನ ಚಾವಣಿಯ ದೀಪ ಉರಿಯುತ್ತಿತ್ತು. ನಿನ್ನೆ ಮಧ್ಯಾಹ್ನದಿಂದ ಆ ಬಾಗಿಲನ್ನು ಯಾರೂ ಹಾಕಿರಲಿಲ್ಲ. ಬ್ಯಾಟರಿ ಇಳಿದು ಬೆಳಕು ಮಂಕಾಗಿತ್ತು. ನಾಲ್ಕು ಮಾರು ಆಚೆ, ಅಂಗಡಿಯ ಹಿಂದಿನ ಮನೆಯ ಜಗಲಿಯ ಮೇಲೆ, ಅವನ ಹೆಂಡತಿ ಕುಮಾರಿಯ ಹೆಣ ಮಲಗಿತ್ತು.

"ಅಣ್ಣೋ, ಎದ್ದು ಬಾರಣ್ಣ," ತಂಗಿ ಭಾಗ್ಯ ಬಂದು ಕಾರಿನ ಬಾಗಿಲ ಬಳಿ ನಿಂತಳು. "ನೀರು ಕಾದದ. ಅತ್ತಿಗಗ ಮೈ ತೊಳೀಬೇಕು. ಮೊದ್ಲ ಚೊಂಬು ನೀನೇ ಉಯ್ಬೇಕಂತ. ಜನ ಎಲ್ಲ ನಿನ್ನೇ ನೋಡ್ತಾವ್ರ."

"ಬತ್ತೀನಿ ಓಗು. ಇದೊಂದು ಬಾಗ್ಲು ವೈರು ಉಳ್ಕಂಡದ."

"ಇವತ್ತು ವೈರು ಕಟ್ಟೀಯಾ?"

ಕಾರಿನ ಮಾಲೀಕ ಮಲ್ಲೇಶ್ ಭಾಗ್ಯಳ ಹಿಂದೆ ಬಂದು ಬಗ್ಗಿ ನೋಡಿದ. ಅರಿಶಿನದ ವ್ಯಾಪಾರದವನು, ಗುಂಡ್ಲುಪೇಟೆಯ ಹಳೆಯ ಗಿರಾಕಿ. ಹೊಸ ಕಾರು ಕೊಂಡು, ಅದಕ್ಕೆ ಕಳ್ಳರ ಅಲಾರಂ ಹಾಕಿಸಲು ನಿನ್ನೆ ತಂದು ಬಿಟ್ಟು ಹೋಗಿದ್ದ. ಈಗ ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದಿದ್ದ.

"ಬುಡು ದೊರೆಸ್ವಾಮಿ, ಕಾರು ಎಲ್ಲಿಗೋದದು? ಟ್ರ್ಯಾಕ್ಟರ್ ತರಿಸಿ ಎಳಿಸ್ಕತೀನಿ. ಇಂಥ ದಿನ ನಾನು ನಿನ್ನ ಕೆಲಸ ಕೇಳೋದುಂಟಾ?"

"ಇಲ್ಲ ಸಾವ್ಕಾರ್ರೆ, ಇನ್ನೇನು ಮುಗೀತು. ಒಂದೇ ಒಂದು ಗಳಿಗ."

ಮಲ್ಲೇಶನಿಗಾಗಿ ಅವನು ಅಲ್ಲಿ ಮಲಗಿರಲಿಲ್ಲ. ಈ ಒಂದು ಕೆಲಸವನ್ನು ಒಬ್ಬನೇ ಮುಗಿಸಲು ಆದೀತೇ ಎಂದು ನೋಡಬೇಕಿತ್ತು. ಇವತ್ತು ಆದರೆ ನಾಳೆಯೂ ಆಗುತ್ತದೆ. ಬೆಳಗಿನ ಜಾವದಿಂದ ತಲೆಯೊಳಗೆ ಅದೊಂದೇ ಸುತ್ತುತ್ತಿತ್ತು.

ಕಾರಿನ ವೈರುಗಳನ್ನು ಟೆಸ್ಟರಿನ ಬಲ್ಬು ಹಿಡಿದು ಹುಡುಕಬಹುದು. ಕರೆಂಟ್ ಇರುವಲ್ಲಿ ಅದು ಹತ್ತಿಕೊಳ್ಳುತ್ತದೆ. ಆದರೆ ಅಲಾರಂ ಡಬ್ಬಿಯಿಂದ ಬರುವ ವೈರುಗಳಿಗೆ ಜೀವವಿಲ್ಲ. ಅವನ್ನು ಬಣ್ಣದಿಂದಲೇ ಗುರುತಿಸಬೇಕು. ಅವನು ಎರಡರಲ್ಲಿ ಒಂದನ್ನು ಆರಿಸಿಕೊಂಡ. ಬಾಗಿಲು ತೆರೆದಾಗ ಚಾವಣಿ ದೀಪ ಹತ್ತಿಸುವ ವೈರನ್ನು ಕುಮಾರಿ ನಿನ್ನೆಯೇ ಕಟ್ಟಿನಿಂದ ಬೇರೆ ಮಾಡಿ ತೋರಿಸಿದ್ದಳು. ಅದು ಹಸಿರು. ಅವನು ತಡವಿ ಅದನ್ನು ಹಿಡಿದ. ಟೆಸ್ಟರು ಎಲ್ಲಿಗೆ ಉರುಳಿತ್ತೋ ಕೈಗೆ ಸಿಗಲಿಲ್ಲ. ಹಲ್ಲಿನಿಂದಲೇ ಸುಲಿದ.

ಸುಲಿದ ತಾಮ್ರ ಕಾರಿನ ಕಬ್ಬಿಣಕ್ಕೆ ತಾಗಿ ಚಟ್ಟೆಂದು ಕಿಡಿ ಹಾರಿತು. ಮೇಲಿನ ದೀಪ ಆರಿಹೋಯಿತು.

ಹಿಡಿದದ್ದು ಹಸಿರಲ್ಲ, ಕೆಂಪು. ದೀಪಕ್ಕೆ ಕರೆಂಟ್ ತರುವ ವೈರು. ಫ್ಯೂಸ್ ಹೋದದ್ದು ಅವನಿಗೆ ನೋಡದೆಯೇ ಗೊತ್ತಾಯಿತು. ಡ್ಯಾಶ್‌ಬೋರ್ಡಿನ ಕತ್ತಲೆಯಲ್ಲಿ ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಮಲಗಿದ್ದ. ಆಮೇಲೆ ಭಾಗ್ಯ ಕಾಲು ಹಿಡಿದು ಎಳೆದಳು. ಅವನು ಹೊರಗೆ ಬಂದ.

* * *

ಉಮ್ಮತ್ತೂರಿನಿಂದ ಹೊರಟು ಚಾಮರಾಜನಗರದ ಹುಚ್ಚಯ್ಯ ಮೇಸ್ತ್ರಿಯ ಅಂಗಡಿ ಸೇರಿದಾಗ ದೊರೆಸ್ವಾಮಿಗೆ ತನ್ನ ಕಣ್ಣಿನಲ್ಲಿ ಕೊರತೆ ಇದೆ ಎಂದು ಗೊತ್ತಿರಲಿಲ್ಲ. ಅಲ್ಲಿಗೆ ಬರುತ್ತಿದ್ದದ್ದು ಲಾರಿ, ಟೆಂಪೊ, ಟ್ರ್ಯಾಕ್ಟರುಗಳು. ಅವುಗಳ ವೈರುಗಳೆಲ್ಲ ಧೂಳು ಹಿಡಿದು, ಗ್ರೀಸ್ ಮೆತ್ತಿ, ಎಲ್ಲರ ಕಣ್ಣಿಗೂ ಒಂದೇ ಬಣ್ಣವಾಗಿರುತ್ತಿದ್ದವು. ಹುಚ್ಚಯ್ಯನೂ ಬಣ್ಣ ನೋಡುತ್ತಿರಲಿಲ್ಲ. "ಬಲ್ಬು ಹಿಡಿಲಾ, ಬಲ್ಬು ಏಳ್ತದ," ಎನ್ನುತ್ತಿದ್ದ. ಬಲ್ಬು ಹೇಳಿದ್ದನ್ನು ಕೇಳಿಕೊಂಡೇ ದೊರೆಸ್ವಾಮಿ ಕೆಲಸ ಕಲಿತ, ಗುಂಡ್ಲುಪೇಟೆಯ ಕೇರಳ ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟ, ಕುದೇರಿನ ಕುಮಾರಿಯನ್ನು ಮದುವೆಯಾದ.

ಮದುವೆಯಾದ ಹೊಸದರಲ್ಲೇ ಅಲಾರಂ ಡಬ್ಬಿಗಳು ಬಂದವು. ಕೇರಳದ ಬತ್ತೇರಿ ಕಡೆಯ ಕಾರಿನವರು ಅವನ್ನು ಕೈಯಲ್ಲಿ ಹಿಡಿದೇ ಬರುತ್ತಿದ್ದರು. ಡಬ್ಬಿಯಿಂದ ಒಂದು ಗೊಂಚಲು ಬಣ್ಣಬಣ್ಣದ ವೈರು ಇಳಿಬಿದ್ದಿರುತ್ತಿತ್ತು. ಕಾರಿನ ಬಾಗಿಲು ತೆರೆದರೆ ಒಳಗಿನ ದೀಪ ಹತ್ತುತ್ತದಲ್ಲ, ಆ ವೈರಿಗೇ ಅಲಾರಮ್ಮಿನ ಒಂದು ವೈರನ್ನು ಕಟ್ಟಬೇಕು. ಆಗ ಬಾಗಿಲು ತೆರೆದದ್ದು ಅಲಾರಮ್ಮಿಗೆ ತಿಳಿಯುತ್ತದೆ. ಕೆಲವು ಕಾರಿಗೆ ನೀಲಿ ಕಟ್ಟಬೇಕು, ಕೆಲವಕ್ಕೆ ನೇರಳೆ. ದೊರೆಸ್ವಾಮಿ ಮೊದಲ ಕಾರಿಗೆ ತನಗೆ ತೋಚಿದ್ದನ್ನು ಕಟ್ಟಿದ.

ಆ ಕಾರು ಬಾಗಿಲು ಮುಚ್ಚಿದರೆ ಅರಚಿಕೊಳ್ಳುತ್ತಿತ್ತು, ತೆರೆದರೆ ಸುಮ್ಮನಾಗುತ್ತಿತ್ತು. ಎದುರಿನ ಟೀ ಅಂಗಡಿಯವರೆಲ್ಲ ಎದ್ದು ಬಂದು ನಕ್ಕರು. "ಕಳ್ಳ ಬಂದ್ರ ಸುಮ್ಕಿರ್ತದ, ಓನರ್ ಬಾಗ್ಲಾಕಂಡ್ರ ಬೊಬ್ಬ ಒಡೀತದ! ಏನ್ ಕೆಲಸ ಕಲ್ತಿದ್ದೀಲಾ!" ಎಂದರು. ಕಾರಿನವನು ಮಲಯಾಳದಲ್ಲಿ ಬೈದ. ದೊರೆಸ್ವಾಮಿ ಬೆವರುತ್ತ ಮತ್ತೆ ಮತ್ತೆ ಬಿಚ್ಚಿ ಅದನ್ನೇ ಕಟ್ಟುತ್ತಿದ್ದಾಗ ಕುಮಾರಿ ಊಟದ ಡಬ್ಬಿ ಹಿಡಿದು ಬಂದಳು. ಅಲಾರಮ್ಮಿನ ಜೊತೆ ಬಂದಿದ್ದ ಚಿತ್ರದ ಹಾಳೆ ಸೀಟಿನ ಮೇಲಿತ್ತು. ಅವಳು ಅದನ್ನು ನೋಡಿದಳು, ಗಂಡನ ಕೈ ನೋಡಿದಳು.

"ಇಲ್ಲಿ ನೀಲಿ ತೋರ್ಸವ್ರ. ನೀ ಯಾಕ ನೇರ್ಳ ಕಟ್ಟೀಯ?" ಎಂದು ಮೆಲ್ಲಗೆ ಕೇಳಿದಳು.

"ನೀಲೀನೇ ಕಟ್ಟಿರದು," ಎಂದು ಅವನು ರೇಗಿದ.

ಆ ಸಂಜೆ ಅವನು ಉಣ್ಣಲು ಕುಳಿತಾಗ ತಟ್ಟೆಯ ಪಕ್ಕದಲ್ಲಿ ಅವಳು ತನ್ನ ಕೈಬಳೆಗಳನ್ನು ಬಿಚ್ಚಿಟ್ಟಳು. "ಇದ್ರೊಳ್ಗ ಕೆಂಪು ಎತ್ಕೊಡು, ಅಸ್ರು ಬುಟ್ಟುಬುಡು," ಎಂದಳು, ಮಕ್ಕಳ ಜೊತೆ ಆಡುವವಳ ಹಾಗೆ. ಅವನು ಬಳೆಗಳನ್ನು ನೋಡಿದ. ಎಲ್ಲವೂ ಒಣಗಿದ ಹುಲ್ಲಿನ ಹಾಗೆ ಒಂದೇ ತೆರ ಇದ್ದವು. ತಟ್ಟೆ ನೂಕಿ ಎದ್ದುಹೋದ. ಕುಮಾರಿ ಬಳೆಗಳನ್ನು ಒಂದೊಂದಾಗಿ ತೊಟ್ಟುಕೊಂಡು, ತಟ್ಟೆಯನ್ನು ಮುಚ್ಚಿಟ್ಟಳು.

ಮಾರನೆಯ ದಿನ ಅವನು ಅಂಗಡಿಯ ಬಾಗಿಲು ತೆಗೆಯುವಾಗ ಅವಳು ಹಿಂದೆಯೇ ಬಂದು ನಿಂತಿದ್ದಳು.

"ಎಲ್ಲಿಗ?"

"ಅಂಗಡೀಗ. ಮನೇಲಿ ಒಬ್ಳಿಗೇ ಬ್ಯಾಸ್ರ."

ಅಂದಿನಿಂದ ಅವಳು ಕಾರಿನೊಳಗೆ ಅವನ ತಲೆಯ ಹತ್ತಿರ ಕೂರುತ್ತಿದ್ದಳು. ಗಿರಾಕಿಗಳ ಮುಂದೆ ಬಣ್ಣದ ಹೆಸರು ಎತ್ತುತ್ತಿರಲಿಲ್ಲ. ವೈರುಗಳನ್ನು ಬಿಡಿಸಿ ಎಡಗೈಯ ಬೆರಳ ಸಂದಿಗಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಹೆಬ್ಬೆರಳ ಸಂದಿಯಲ್ಲಿ ಕೆಂಪು, ಅದರಾಚೆ ನೀಲಿ, ನಡುಬೆರಳಿನಾಚೆ ನೇರಳೆ, ಕಿರುಬೆರಳಿಗೆ ಸುತ್ತಿಕೊಂಡದ್ದು ಕಪ್ಪು. ಅವನು "ಕೊಡು" ಎಂದು ಕೈ ಚಾಚಿದರೆ ಬೇಕಾದ ಬೆರಳು ಅವನ ಕೈಗೆ ಬರುತ್ತಿತ್ತು. ನೋಡಿದವರಿಗೆ ಹೆಂಡತಿ ಸುಮ್ಮನೆ ವೈರು ಹಿಡಿದುಕೊಂಡ ಹಾಗೆ ಕಾಣುತ್ತಿತ್ತು. ಎರಡು ಜಿಲ್ಲೆಯಾಚೆಯಿಂದಲೂ ಕಾರು ಬರತೊಡಗಿದವು. ದೊರೆಸ್ವಾಮಿ ಮೇಸ್ತ್ರಿ ಕಟ್ಟಿದ ಅಲಾರಂ ಸುಳ್ಳು ಕೂಗುವುದಿಲ್ಲ ಎಂದು ಕೇರಳದ ಡ್ರೈವರುಗಳು ಒಬ್ಬರಿಗೊಬ್ಬರು ಹೇಳುತ್ತಿದ್ದರು.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುಮಾರಿ ಒಳ್ಳೊಳ್ಳೆಯ ಕಾರುಗಳ ಹಿಂದಿನ ಸೀಟಿಗೆ ಹೋಗಿ ಕೂತು, ಕಿಟಕಿಯ ಗಾಜು ಇಳಿಸಿ, ಬೀದಿಯಲ್ಲಿ ಹೋಗುವ ಪರಿಚಯದವರಿಗೆ ಕೈ ಬೀಸುತ್ತಿದ್ದಳು. ಅವಳಿಗೆ ಇದ್ದ ಮೋಜು ಅದೊಂದೇ.

* * *

ಮೈ ತೊಳೆದಾಯಿತು. ಮುತ್ತೈದೆಯಾಗಿ ಹೋದವಳು, ಹಸಿರು ಸೀರೆ ಉಡಿಸಬೇಕು ಎಂದು ಹೆಂಗಸರು ಮಾತಾಡಿಕೊಂಡರು.

"ಅಣ್ಣ, ಟ್ರಂಕ್ನೊಳ್ಗ ಅಸ್ರು ಸೀರ ಅದಲ್ಲ, ಗೌರಿ ಹಬ್ಬಕ್ಕ ತಂದಿದ್ದು, ಅದ ತಕ್ಕಬಾ," ಎಂದಳು ಭಾಗ್ಯ.

ದೊರೆಸ್ವಾಮಿ ಒಳಗೆ ಹೋಗಿ ಟ್ರಂಕು ತೆರೆದ. ಮಡಿಕೆ ಕೆಡದ ಸೀರೆಗಳು ಎರಡಿದ್ದವು. ಗೌರಿ ಹಬ್ಬದ ದಿನ ಅವಳು ಉಟ್ಟದ್ದು ಯಾವುದು ಎಂದು ನೆನಪಿಸಿಕೊಳ್ಳಲು ನೋಡಿದ. ಅವಳು ಕನ್ನಡಿಯ ಮುಂದೆ ನಿಂತದ್ದು, ಸೆರಗು ಸರಿಮಾಡಿಕೊಂಡು ನಕ್ಕದ್ದು ನೆನಪಾಯಿತು. ಸೀರೆ ನೆನಪಾಗಲಿಲ್ಲ. ಮೂಸಿ ನೋಡಿದ. ಎರಡರಲ್ಲೂ ನುಸಿಗುಳಿಗೆಯ ವಾಸನೆ. ಮೇಲಿದ್ದುದನ್ನು ಎತ್ತಿಕೊಂಡು ಬಂದ.

ಕುಮಾರಿಯ ತಾಯಿ ಮರಿತಾಯಮ್ಮ ಮಗಳ ತಲೆಯ ಹತ್ತಿರ ಕೂತಿದ್ದಳು. ಕುದೇರಿನಿಂದ ಬಂದಾಗಿನಿಂದ ಅಳಿಯನ ಕಡೆ ನೋಡಿರಲಿಲ್ಲ. ಈಗ ಸೀರೆಯನ್ನು ನೋಡಿ ತಲೆ ಎತ್ತಿದಳು.

"ಇದ್ಯಾತರ ಅಸ್ರು? ಇಟ್ಗ ಬಣ್ಣದ ಸೀರ ತಂದೀಯ. ಕಟ್ಕೊಂಡವಳ ಸೀರ ಯಾವ್ದು ಅಂತ್ಲೂ ತಿಳೀದಾ ನಿನ್ಗ?"

"ಅವಸರ್ದಲ್ಲಿ ತಂದವ್ನ, ಬುಡಿ ಅತ್ತ," ಎನ್ನುತ್ತ ಭಾಗ್ಯ ಸೀರೆ ಕಿತ್ತುಕೊಂಡು ಒಳಗೆ ಓಡಿದಳು.

ಅಷ್ಟರಲ್ಲಿ ಮಲ್ಲೇಶ್ ಕಳಿಸಿದ ಟ್ರ್ಯಾಕ್ಟರು ಬಂತು. ಡ್ಯಾಶ್‌ಬೋರ್ಡು ಕಳಚಿ, ವೈರುಗಳು ಕೆಳಗೆ ಜೋತುಬಿದ್ದಿದ್ದ ಕಾರಿಗೆ ಹಗ್ಗ ಬಿಗಿದರು. ಹೆಣ ಇಳಿಸಲು ಜಾಗವಾಗಬೇಕಿತ್ತು. "ಚಾಮ್ರಾಜ್ನಗರದಲ್ಲಿ ಯಾರೋ ಒಬ್ಬ ಹೊಸಬ ಅವ್ನಂತ, ಅವನತ್ರ ಮುಗಿಸ್ಕತೀನಿ. ನೀನು ಬ್ಯಾಸ್ರ ಮಾಡ್ಕಬೇಡ," ಎಂದು ಮಲ್ಲೇಶ್ ಮೆಲ್ಲಗೆ ಹೇಳಿ, ಹೆಣದ ಕಾಲಿಗೆ ಕೈ ಮುಗಿದು ಹೊರಟ. ಕಾರು ಕುಲುಕುತ್ತ ರಸ್ತೆಗೆ ಇಳಿದು ಹೋಗುವವರೆಗೂ ದೊರೆಸ್ವಾಮಿ ಅದರ ಹಿಂಭಾಗವನ್ನೇ ನೋಡುತ್ತ ನಿಂತಿದ್ದ.

ಬದನಗುಪ್ಪೆಯ ಫ್ಯಾಕ್ಟರಿಯಿಂದ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಕುಮಾರಿಯ ತಮ್ಮ ರಂಗರಾಜು ಇದನ್ನೆಲ್ಲ ಗೋಡೆಗೊರಗಿ ನೋಡುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ.

"ಕಾರ್ ಓದದ್ದ ಅಷ್ಟೊತ್ತು ನೋಡ್ತೀಯಲ್ಲ ಭಾವ, ನಮ್ಮಕ್ಕನ್ನ ಯಾವತ್ತಾರ ಇಂಗ್ ನೋಡಿದ್ಯಾ? ನೋಡಿದ್ದೀಯ, ಕಾವಲು ನೋಡಿದ್ದೀಯ. ಅಂಗಡೀಲಿ ಕಣ್ಮುಂದ ಕೂರುಸ್ಕಂಡು ಇಷ್ಟ್ ವರ್ಷ ಕಾದ್ಯಲ್ಲ. ಎಲ್ಲಿ ಓದಳೋ, ಯಾರ್ನ ಮಾತಾಡ್ಸಳೋ ಅಂತ. ನಮ್ಮಪ್ಪ ಸತ್ತಾಗ ತಿಥಿಗಂಟ ಅವಳ ಇರಾಕ್ಬುಟ್ಯಾ?"

"ಲೇ ರಂಗರಾಜು, ಹೆಣದ ಮುಂದ ಇದೇನ್ಲಾ," ಎಂದು ಯಾರೋ ಗದರಿಸಿದರು.

"ಏಳ್ಲಿ ಬುಡಿ, ಅವನು ಏಳದ್ರಲ್ಲಿ ಸುಳ್ಳೇನದ?" ಎಂದಳು ಮರಿತಾಯಮ್ಮ. ದನಿ ಏರಿಸದೆ ಹೇಳಿದಳು. "ನನ್ನ ಮಗಳು ತೌರಲ್ಲಿ ಎರಡು ರಾತ್ರಿ ಮಲಗ್ಲಿಲ್ಲ. ಅನುಮಾನದವನ ಕೈಗ ಕೊಟ್ಬುಟ್ಟೆ."

ಜಗಲಿಯ ಮೇಲಿನ ಹೆಂಗಸರು ಅಳು ನಿಲ್ಲಿಸಿದರು. ಶಾಮಿಯಾನದ ಕೆಳಗೆ ಕೂತಿದ್ದ ಗಂಡಸರು ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು. ಇದು ಅವರೆಲ್ಲ ಹಿಂದಿನಿಂದ ಆಡಿಕೊಂಡ ಮಾತೇ. ಇವತ್ತು ಮುಂದೆ ಬಂದಿತ್ತು.

ದೊರೆಸ್ವಾಮಿ ಹೆಂಡತಿಯ ಕಡೆ ನೋಡಿದ. ಹಣೆಗೆ ದೊಡ್ಡದಾಗಿ ಇಟ್ಟಿದ್ದ ಕುಂಕುಮ ಅವನ ಕಣ್ಣಿಗೆ ಮಣ್ಣು ಮೆತ್ತಿದ ಹಾಗೆ ಕಾಣುತ್ತಿತ್ತು.

"ನನ್ಗ ಬಣ್ಣ ಕಾಣಕಿಲ್ಲ ಅತ್ತ," ಎಂದ.

ಕುಂಕುಮದ ಕಡೆ ಕೈ ತೋರಿಸಿದ.

"ನಿಜ್ವಾಗ್ಲೂ ಕಾಣಕಿಲ್ಲ. ಕೆಂಪೂ ಕಾಣಕಿಲ್ಲ, ಅಸ್ರೂ ಕಾಣಕಿಲ್ಲ. ಎಲ್ಲ ಅವಳೇ ನೋಡ್ತಿದ್ಲು. ಅವಳ ಕಣ್ಣಿಂದ್ಲೇ ನಾನು ಮೇಸ್ತ್ರಿ ಅನ್ನುಸ್ಕಂಡೆ. ಅವಳಿಲ್ದಿದ್ರ ನನ್ ಕೈಲಿ ಒಂದು ವೈರೂ ಕಟ್ಟಕಾಗ್ತಿರ್ನಿಲ್ಲ. ಅದ್ಕೇ ಕಣತ್ತ ಅವಳ ಎಲ್ಗೂ ಕಳಿಸ್ನಿಲ್ಲ."

ಇಷ್ಟು ವರ್ಷ ಗಂಟಲಲ್ಲಿದ್ದದ್ದು ಹೊರಗೆ ಬಂದಿತ್ತು. ಇನ್ನು ಏನಾದರೂ ಆಗಲಿ ಎಂದು ಅವನು ಕಾದ.

ಪಕ್ಕದ ಮನೆಯ ಚಿಕ್ಕಮಲ್ಲಮ್ಮ ಎದೆಗೆ ಬಡಿದುಕೊಂಡಳು. ಆ ಬೀದಿಯ ಸಾವುಗಳಲ್ಲೆಲ್ಲ ಮಾತು ಕಟ್ಟಿ ಅಳುವವಳು ಅವಳೇ. "ಕೇಳ್ದ್ಯಾ ನನ್ನವ್ವಾ, ನಿನ್ನ ಗಂಡ ಅಂದ ಮಾತ ಕೇಳ್ದ್ಯಾ! ನೀನೋದ ಮ್ಯಾಲ ಕೆಂಪು ಕಾಣದಂತ ಕಣವ್ವಾ, ಅಸ್ರು ಕಾಣದಂತ ಕಣವ್ವಾ! ಲೋಕದ ಬಣ್ಣವ ಸೆರ್ಗಲ್ಲಿ ಕಟ್ಕೊಂಡು ಓಗ್ಬುಟ್ಯಾ ನನ್ನವ್ವಾ!"

ಜಗಲಿಗೆ ಜಗಲಿಯೇ ಗೋಳೋ ಎಂದು ಅತ್ತಿತು. ಶಾಮಿಯಾನದ ಕೆಳಗಿನ ಗಂಡಸರೂ ಟವೆಲಿನಿಂದ ಮುಖ ಒರೆಸಿಕೊಂಡರು. ರಂಗರಾಜು ಬಂದು ಭಾವನನ್ನು ತಬ್ಬಿಕೊಂಡ.

"ತಪ್ಪಾಯ್ತು ಭಾವ. ಏನೋ ಸಂಕಟಕ್ಕ ಅಂದ್ಬುಟ್ಟೆ."

"ಅಂಗಲ್ಲ ಕಣ್ಲಾ ರಂಗರಾಜು, ನಾ ಏಳದು ನಿಜ, ನನ್ನ ಕಣ್ಗೇ..."

"ಗೊತ್ತು ಭಾವ, ಗೊತ್ತು. ಅಕ್ಕ ಅಂದ್ರ ನಿನ್ಗ ಕಣ್ಣೇ ಆಗಿದ್ಲು. ಸಮಾಧಾನ ಮಾಡ್ಕ."

ದೊರೆಸ್ವಾಮಿ ಅವನ ಹೆಗಲ ಮೇಲಿನಿಂದ ಅತ್ತೆಯನ್ನು ನೋಡಿದ. ಅವಳೊಬ್ಬಳು ಅತ್ತಿರಲಿಲ್ಲ.

"ಈಗ ಏಳ್ತಾವ್ನ," ಎಂದಳು, ಮಗಳ ಕೂದಲನ್ನು ಹಿಂದಕ್ಕೆ ಸವರುತ್ತ. "ಇದ್ದಾಗ ಇಂಥ ಒಂದು ಒಳ್ಳೇ ಮಾತಾಡಿದ್ರ ಜೀವಕ್ಕ ತಂಪಾಗಿರದು."

* * *

ಅನುಮಾನದ ಗಂಡ ಎಂಬ ಮಾತು ಮೊದಲು ಅವನ ಕಿವಿಗೆ ಬಿದ್ದದ್ದು ಎದುರಿನ ಟೀ ಅಂಗಡಿಯಲ್ಲಿ. ಅವನು ಲೋಟ ಬಿಟ್ಟು ಬಂದು ಕುಮಾರಿಗೆ ಹೇಳಿದ್ದ. ಅವಳು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ನಕ್ಕುಬಿಟ್ಟಳು.

"ಅನ್ಕಳ್ಳಿ ಬುಡು. ಎಂಡ್ರ ಮ್ಯಾಲ ಅನುಮಾನ ಇರೋ ಮೇಸ್ತ್ರಿತಕ್ಕ ಕಾರು ಬತ್ತವ. ಬಣ್ಣ ಕಾಣದಿರೋ ಮೇಸ್ತ್ರಿತಕ್ಕ ಬಂದಾವಾ?"

"ನಿನ್ನೂ ಒಂಥರಾ ನೋಡ್ತಾರ ಕಣಮ್ಮಿ."

"ನೋಡ್ಲಿ. ನಾನೇನು ಅವ್ರ ಮನ್ಗ ಓಗಬೇಕಾ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಹುಣಸೆಬೀಜವನ್ನು ಉಗುರಿನಿಂದ ಗೀರುತ್ತ, "ನಮ್ಮವ್ವನ್ಗ ಮಾತ್ರ ಏಳನಾ?" ಎಂದು ಕೇಳಿದಳು.

"ಬ್ಯಾಡ," ಎಂದ ಅವನು. "ಒಬ್ಬರ ಕಿವಿಗ ಬಿದ್ರ ಊರಿಗ ಬಿದ್ದಂಗ."

ಅವಳು ಮತ್ತೆ ಕೇಳಲಿಲ್ಲ. ಅವಳ ಅಪ್ಪ ತೀರಿಕೊಂಡಾಗ ಅವನು ಮಣ್ಣು ಮುಗಿಸಿಕೊಂಡು ಹಿಂದಿರುಗಿದ, ಅವಳು ಕುದೇರಿನಲ್ಲಿ ಉಳಿದಳು. ಎರಡನೆಯ ದಿನ ಬತ್ತೇರಿಯ ಟ್ರಾವೆಲ್ಸಿನವನು ಕಾರುಗಳ ಸಾಲನ್ನೇ ತಂದು ನಿಲ್ಲಿಸಿದ. ದೊರೆಸ್ವಾಮಿ ಬಸ್ಸು ಹತ್ತಿ ಕುದೇರಿಗೆ ಹೋದ. ಅಂಗಳದಲ್ಲಿ ತಲೆಗೆ ಎಣ್ಣೆಯಿಲ್ಲದೆ ಕೂತಿದ್ದ ಕುಮಾರಿ ಅವನನ್ನು ನೋಡಿದ ಕೂಡಲೇ ಎದ್ದು ಬ್ಯಾಗು ತಂದಳು. "ಅವ್ರಿಗ ನಾನಿಲ್ದ ಆಗಕಿಲ್ಲ ಕಣವ್ವ," ಎಂದಷ್ಟೇ ತಾಯಿಗೆ ಹೇಳಿದಳು. ಮರಿತಾಯಮ್ಮ ಬಾಗಿಲಿಗೆ ಬಂದು ನಿಲ್ಲಲಿಲ್ಲ. ಬಸ್ಸಿನಲ್ಲಿ ಕುಮಾರಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದಳು. ಗುಂಡ್ಲುಪೇಟೆಗೆ ಬಂದವಳೇ ಕೈಕಾಲು ತೊಳೆದು ಕಾರಿನೊಳಗೆ ಕೂತು, ಬೆರಳುಗಳನ್ನು ಅಗಲಿಸಿ ವೈರು ಬಿಡಿಸತೊಡಗಿದಳು.

ಅವರಿಗೆ ಮಕ್ಕಳಾಗಲಿಲ್ಲ. ಅದಕ್ಕೂ ಜನ ಅವನ ಅನುಮಾನವನ್ನೇ ಕಾರಣ ಮಾಡಿ ಏನೇನೋ ಕತೆ ಕಟ್ಟಿದರು. ಅವಳು ಅದನ್ನೂ ಕೇಳಿಸಿಕೊಂಡಳು.

ನಿನ್ನೆ ಮಧ್ಯಾಹ್ನ ಮಲ್ಲೇಶನ ಕಾರಿನಲ್ಲಿ ಅವನು ಡ್ಯಾಶ್‌ಬೋರ್ಡಿನ ಕೆಳಗಿದ್ದ, ಅವಳು ಸೀಟಿನಲ್ಲಿದ್ದಳು. ಬಾಗಿಲ ವೈರೊಂದು ಬಾಕಿ ಇತ್ತು.

"ಕೊಡು," ಎಂದು ಅವನು ಕೈ ಚಾಚಿದ.

"ತಡಿ, ಯಾಕೋ ಕಣ್ಣು ಕತ್ಲ ಬಂದಂಗಾಯ್ತದ."

"ಆಮ್ಯಾಕ ನೀರು ಕುಡಿವಂತ. ಮೊದ್ಲು ಕೊಡು, ನನ್ ಕತ್ತು ಇಡ್ಕತಾ ಅದ."

ಬೆರಳು ಬರಲಿಲ್ಲ. ವೈರುಗಳೆಲ್ಲ ಒಟ್ಟಿಗೆ ಅವನ ಮುಖದ ಮೇಲೆ ಬಿದ್ದವು.

"ಏನಮ್ಮಿ, ಎಲ್ಲಾನೂ ಬುಟ್ಬುಟ್ಯಲ್ಲ! ಬಿಡ್ಸಿದ್ದೆಲ್ಲ ಗೋಜಲಾಯ್ತು!" ಎಂದು ಅವನು ಬೈದ. ಬೈಯುತ್ತ ವೈರುಗಳನ್ನು ಕೂಡಿಸಿಕೊಂಡ. ಯಾವುದು ಯಾವುದೆಂದು ತಿಳಿಯದೆ ಇನ್ನೊಮ್ಮೆ ಬೈದ. ತಿರುಗಿ ಮಾತು ಬರಲಿಲ್ಲ. ಕೋಪ ಮಾಡಿಕೊಂಡಿದ್ದಾಳೆ ಎಂದುಕೊಂಡ. ಹೊರಗೆ ಜರುಗಿ ತಲೆ ಎತ್ತಿದಾಗ, ಕುಮಾರಿ ಹಣೆಯನ್ನು ಸ್ಟೇರಿಂಗಿಗೆ ಆನಿಸಿ ಕೂತಿದ್ದಳು. ಚಾವಣಿಯ ದೀಪದ ಬೆಳಕು ಅವಳ ಕತ್ತಿನ ಹಿಂಭಾಗದ ಮೇಲೆ ಬೀಳುತ್ತಿತ್ತು. ಆಸ್ಪತ್ರೆಯ ಡಾಕ್ಟರು, "ದಾರಿಯಲ್ಲೋ, ಅದಕ್ಕಿಂತ ಮುಂಚೆಯೋ ಹೋಗಿದೆ," ಎಂದರು.

ಬೈಯುವಾಗ ಇದ್ದಳೋ ಇರಲಿಲ್ಲವೋ ಎಂದು ಡಾಕ್ಟರನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ.

* * *

ಹೆಣವನ್ನು ವ್ಯಾನಿನಲ್ಲಿ ಉಮ್ಮತ್ತೂರಿಗೆ ತೆಗೆದುಕೊಂಡು ಹೋದರು. ದೊರೆಸ್ವಾಮಿಯವರ ಹಿರಿಯರ ಮಣ್ಣು ಅಲ್ಲೇ ಇತ್ತು. ವ್ಯಾನಿನಲ್ಲಿ ಒಂದು ಕಡೆ ಅವನು ಮತ್ತು ರಂಗರಾಜು, ಇನ್ನೊಂದು ಕಡೆ ಮರಿತಾಯಮ್ಮ ಮತ್ತು ಭಾಗ್ಯ ಕೂತರು. ಚಾಮರಾಜನಗರ ದಾಟಿದ ಮೇಲೆ ಹಳ್ಳದಲ್ಲಿ ವ್ಯಾನು ಕುಲುಕಿದಾಗ ಕುಮಾರಿಯ ಎಡಗೈ ಹೂವಿನ ಕೆಳಗಿನಿಂದ ಜಾರಿ ಬಂತು. ಮರಿತಾಯಮ್ಮ ಅದನ್ನು ಹಿಡಿದುಕೊಂಡಳು. ಬೆರಳುಗಳನ್ನು ಬಿಡಿಸಿ ನೋಡಿದಳು.

"ಇದೇನಿದು, ಬೆರಳ ಸಂದೀಲೆಲ್ಲ ಕಪ್ಪಗದ?"

"ವೈರ್ಗ ಸುತ್ತೋ ಟೇಪಿನ ಅಂಟು ಅಂತ ಕಾಣ್ತದ ಅತ್ತ," ಎಂದಳು ಭಾಗ್ಯ. "ಮೈ ತೊಳ್ಯಾಗ ಉಜ್ಜಿ ನೋಡ್ದೋ, ಓಗ್ನಿಲ್ಲ."

"ಸುಮ್ಕ ಕೂತಿರೋಳ್ಗ ಟೇಪಿನ ಅಂಟು ಎಲ್ಲಿಂದ ಬತ್ತದ?"

ಭಾಗ್ಯ ಅಣ್ಣನ ಕಡೆ ನೋಡಿದಳು. ದೊರೆಸ್ವಾಮಿ ಬಾಯಿ ತೆರೆದ. ಪಕ್ಕದಲ್ಲಿ ರಂಗರಾಜು ಅವನ ತೊಡೆಯ ಮೇಲೆ ಕೈಯಿಟ್ಟು ಒತ್ತಿ, "ಬ್ಯಾಡ ಭಾವ, ಮತ್ತ ಅಳಬ್ಯಾಡ," ಎಂದ. ಅವನು ಬಾಯಿ ಮುಚ್ಚಿದ.

ಮರಿತಾಯಮ್ಮ ಸೆರಗಿನ ತುದಿಗೆ ಎಂಜಲು ಹಚ್ಚಿಕೊಂಡಳು. ಮಗಳ ಬೆರಳ ಸಂದಿಗಳನ್ನು ಒಂದೊಂದಾಗಿ ಉಜ್ಜತೊಡಗಿದಳು, ಶಾಲೆಗೆ ಕಳಿಸುವ ಮುಂಚೆ ಮಗುವಿನ ಕೈ ಉಜ್ಜುವ ಹಾಗೆ. ಉಮ್ಮತ್ತೂರಿನ ಕೆರೆ ಏರಿ ಕಾಣುವ ಹೊತ್ತಿಗೆ ಆ ಕೈ ಶುದ್ಧವಾಗಿತ್ತು. ಅದನ್ನು ಮತ್ತೆ ಹೂವಿನ ಕೆಳಗೆ ಸೇರಿಸಿ, ಮುಚ್ಚಿದಳು.

ಗುಂಡಿ ಆಗಲೇ ತೋಡಿಟ್ಟಿದ್ದರು. ಎಲ್ಲ ಬೇಗ ಮುಗಿಯಿತು. ಮೊದಲ ಹಿಡಿ ಮಣ್ಣು ಹಾಕಲು ಹೇಳಿದಾಗ ದೊರೆಸ್ವಾಮಿ ಬಗ್ಗಿ ನೋಡಿದ. ಭಾಗ್ಯ ಹುಡುಕಿ ಉಡಿಸಿದ್ದ ಹಸಿರು ಸೀರೆಗೂ ಅದರ ಸುತ್ತಲಿನ ಮಣ್ಣಿಗೂ ಅವನಿಗೆ ವ್ಯತ್ಯಾಸ ಕಾಣಲಿಲ್ಲ. ಮುಖ ಮಾತ್ರ ಕಂಡಿತು. ಅವನು ಮಣ್ಣನ್ನು ಕಾಲಿನ ಕಡೆಗೆ ಹಾಕಿದ.

ಮರಿತಾಯಮ್ಮ ಅಲ್ಲಿಂದಲೇ ಮಗನ ಜೊತೆ ಕುದೇರಿಗೆ ಹೊರಟಳು. ಹೊರಡುವಾಗ ಅಳಿಯನ ಮುಂದೆ ಒಂದು ಕ್ಷಣ ನಿಂತಳು. ಏನೋ ಹೇಳುತ್ತಾಳೆ ಎಂದುಕೊಂಡ. "ಮಣ್ಣಿಗ ಆಲುತುಪ್ಪ ಬುಡೋ ದಿನ ಬತ್ತೀನಿ," ಎಂದಳು ಅಷ್ಟೇ.

ಅವನು ಮತ್ತು ಭಾಗ್ಯ ಗುಂಡ್ಲುಪೇಟೆಗೆ ಹಿಂದಿರುಗಿದಾಗ ಹೊತ್ತು ಇಳಿಯುತ್ತಿತ್ತು. ಶಾಮಿಯಾನದವರು ಕಂಬ ಕಿತ್ತುಕೊಂಡು ಹೋಗಿದ್ದರು. ಹೆಣ ಮಲಗಿಸಿದ್ದ ಜಾಗದಲ್ಲಿ ಭಾಗ್ಯ ದೀಪ ಹಚ್ಚಿಟ್ಟು, ಒಲೆಯ ಮುಂದೆ ಕೂತಳು.

"ಇನ್ನ ಏನ್ ಮಾಡೀಯಣ್ಣ?" ಎಂದು ಒಳಗಿನಿಂದಲೇ ಕೇಳಿದಳು. "ಊರಿಗ ಬಂದ್ಬುಡು. ಇಲ್ಲಿ ಒಬ್ನೇ ಎಂಗಿದ್ದೀಯ? ಕೆಲಸ ಗೊತ್ತಿರೋನ್ಗ ಎಲ್ಲಾದ್ರೂ ಕೆಲಸ ಸಿಗ್ತದ."

ಅವನು ಹೊರಗೆ ಬಂದು ಅಂಗಡಿಯ ಷಟರ್ ಎಳೆಯಲು ಕೈ ಹಾಕಿದ.

ಕೇರಳದ ನಂಬರಿನ ಕಾರೊಂದು ಬಂದು ಅಂಗಡಿಯ ಮುಂದೆ ನಿಂತಿತು. ಅದರ ಎಡಗಡೆಯ ಇಂಡಿಕೇಟರ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು. ಒಳಗೆ ಹೆಂಗಸರು ಮಕ್ಕಳು ತುಂಬಿದ್ದರು. ಡ್ರೈವರ್ ಇಳಿದು ಬಂದ.

"ಚೇಟ್ಟಾ, ಈ ಲೈಟ್ ನಿಲ್ತಾ ಇಲ್ಲ. ಆಫ್ ಮಾಡಿದ್ರೂ ನಿಲ್ಲೋದಿಲ್ಲ. ಮೈಸೂರಲ್ಲಿ ಹೇಳಿದ್ರು, ಗುಂಡ್ಲುಪೇಟ್‌ನಲ್ಲಿ ಒಳ್ಳೆ ಮೇಸ್ತ್ರಿ ಇದ್ದಾರೆ ಅಂತ. ಮೇಸ್ತ್ರಿ ಉಂಡೋ? ಇದ್ದಾರಾ?"

ದೊರೆಸ್ವಾಮಿ ಷಟರನ್ನು ಅರ್ಧಕ್ಕೆ ಹಿಡಿದುಕೊಂಡೇ ಅವನನ್ನು ನೋಡಿದ.

"ಇಲ್ಲ," ಎಂದ. "ಮೇಸ್ತ್ರಿ ತೀರೋದ್ರು."

"ಅಯ್ಯೋ. ಯಾವಾಗ?"

"ನಿನ್ನ ಮದ್ಯಾನ."

ಡ್ರೈವರ್ ನೆಲದ ಮೇಲೆ ಉದುರಿದ್ದ ಹೂವಿನ ಪಕಳೆಗಳನ್ನು ಆಗ ನೋಡಿದ. ತುಳಿದಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ. ಹೋಗಿ ಕಾರು ಹತ್ತಿದ.

ಕಾರು ಕೇರಳದ ಕಡೆ ಹೊರಟಿತು. ಆ ರಸ್ತೆ ಬಹಳ ದೂರದವರೆಗೆ ನೇರವಾಗಿತ್ತು. ಕತ್ತಲಾಗುತ್ತಿದ್ದ ಆ ರಸ್ತೆಯಲ್ಲಿ, ಎಡಕ್ಕೆ ತಿರುಗುವ ದಾರಿ ಒಂದೂ ಇಲ್ಲದ ಕಡೆ, ಅದರ ಎಡಗಡೆಯ ದೀಪ ಹತ್ತುತ್ತ ಆರುತ್ತ, ಹತ್ತುತ್ತ ಆರುತ್ತ ಹೋಯಿತು.